ಮನೆಯವರಿಗೇ ಜಕಾತ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮನೆಯವರು ಎಲ್ಲರ ಹತ್ತಿರವೂ ಹೇಳಿಕೊಂಡು ಬರುತ್ತಾರೆ. ಹೇಳಲಿ. ಬರುವ ಶುಕ್ರವಾರ ಹಳೆ ಸಾಮಾನಿನವನು ಬಂದು ಗಂಡನ ಹತಾರದ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಾನೆ ಅಂತ ಗೊತ್ತಾದರೆ ಯಾವ ಹೆಂಡತಿ ತಣ್ಣಗೆ ಕೂತಾಳು?

ಇವರು ಬಡಗಿ. ಹೊಸ ಹೋಟೆಲಿಗೆ ಮೂವತ್ತು ಮೇಜು ಬೇಕು ಅಂದರು ಅಂತ ಟಿಂಬರ್ ಡಿಪೋದಿಂದ ಸಾಲಕ್ಕೆ ಮರ ತಂದರು. ಮೇಜು ಮುಗಿಯುವ ಹೊತ್ತಿಗೆ ಹೋಟೆಲಿನವನು ನಾಪತ್ತೆ. ಸಿಕ್ಕಿದ ಬೆಲೆಗೆ ಮಾರಿದ ಮೇಲೂ ಸಾಲ ಅರ್ಧ ಉಳಿಯಿತು. ಬಡ್ಡಿಗೆ ಕೊಡುವವನು ಮನೆ ಬಾಗಿಲ ತನಕ ಬಂದಿದ್ದ. ಬಡ್ಡಿ ನಮಗೆ ಬೇಡ ಅಂತ ಕಳಿಸಿದರು. ನನ್ನ ಬಳೆ ಮಾರೋಣ ಅಂದೆ. "ನಿಮ್ಮಮ್ಮ ಹಾಕಿದ ಬಳೆ. ಅದರ ಮಾತೆತ್ತಬೇಡ" ಅಂದರು. ಮಾರಲು ಉಳಿದದ್ದು ಗರಗಸ, ಕೀಸುಳಿ, ಉಳಿಗಳು. ಅವೂ ಹೋದರೆ ಐವತ್ತರ ಈ ವಯಸ್ಸಿನಲ್ಲಿ ಇವರು ಇನ್ನೊಬ್ಬರ ಕಾರ್ಖಾನೆಯಲ್ಲಿ ಹಲಗೆ ಹೊರಬೇಕು.

ಅದೇ ವಾರ ನಾನು ಜಕಾತ್ ತೆಗೆಯುವ ದಿನ ಬಂತು. ಬಳೆ, ಸರ, ಹೊಲಿಗೆಯಲ್ಲಿ ಕೂಡಿಟ್ಟದ್ದು, ವರ್ಷ ತುಂಬಿದ ಇಷ್ಟರಲ್ಲೂ ನಲವತ್ತರಲ್ಲೊಂದು ಪಾಲು. ಆ ಪಾಲು ನನ್ನದಲ್ಲ, ಇಲ್ಲದವರ ಹಕ್ಕು. ನಮ್ಮ ಬೀದಿಯಲ್ಲಿ ಮನೆಮನೆಗೆ ಹೋಗಿ ಜಕಾತಿನ ಪೊಟ್ಟಣ ತರುವವರು ಇವರೇ. ತಂದದ್ದನ್ನು ಮಸೀದಿಯ ನಿಧಿ ನೋಡಿಕೊಳ್ಳುವ ಗಡಿಯಾರದಜ್ಜನಿಗೆ ಒಪ್ಪಿಸುತ್ತಾರೆ. ಅಜ್ಜ ಗಡಿಯಾರ ರಿಪೇರಿ ಮಾಡುತ್ತಾರೆ, ಅದಕ್ಕೇ ಆ ಹೆಸರು. ಈ ಸಲ ಇವರಿಗೆ ಹೇಳದೆ ನಾನೇ ಅಜ್ಜನ ಅಂಗಡಿಗೆ ಹೋದೆ.

"ಅಜ್ಜ, ಹೆಂಡತಿ ಗಂಡನಿಗೆ ಜಕಾತ್ ಕೊಡಬಹುದಾ?"

ಅಜ್ಜ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜು ತೆಗೆದು ನನ್ನ ಮುಖ ನೋಡಿದರು. "ಗಂಡ ಹೆಂಡತಿಗೆ ಕೊಡೋ ಹಾಗಿಲ್ಲ. ಅವಳನ್ನ ಸಾಕೋದು ಹೇಗೂ ಅವನ ಜವಾಬ್ದಾರಿ. ಹೆಂಡತಿ ಕೊಡೋದರ ಬಗ್ಗೆ ತಿಳಿದವರಲ್ಲಿ ಎರಡು ಮಾತಿದೆ. ನಾವು ನಡೆಯೋ ದಾರೀಲಿ ಕೊಡಬಹುದು. ಗಂಡನನ್ನ ಸಾಕೋ ಹೊಣೆ ನಿನ್ನ ಮೇಲಿಲ್ಲ ನೋಡು."

"ಮತ್ತೆ ಇಪ್ಪತ್ತೆರಡು ವರ್ಷದಿಂದ ಬೇಯಿಸಿ ಹಾಕ್ತಿದ್ದೀನಲ್ಲ?"

"ಅದು ನಿನ್ನ ದೊಡ್ಡ ಗುಣ, ಮಗಳೇ."

"ಹತಾರ ಇದೆಯಲ್ಲ, ಅದನ್ನ ಆಸ್ತಿ ಅಂತ ಹಿಡೀತಾರಾ?"

"ದುಡಿದು ತಿನ್ನೋ ಹತಾರ ಆಸ್ತಿ ಹೇಗಾಗುತ್ತೆ? ಅದನ್ನ ಮಾರ್ಕೊಂಡು ಆಮೇಲೆ ಬಾ ಅಂತ ಯಾರೂ ಹೇಳಲ್ಲ. ಸಾಲದಲ್ಲಿ ಸಿಕ್ಕಿಕೊಂಡವನಿಗೆ ಪಾಲು ಇದ್ದೇ ಇದೆ. ಜಕಾತ್ ಅಂತ ಅವನಿಗೆ ಹೇಳಲೂ ಬೇಕಾಗಿಲ್ಲ, ನಿನ್ನ ನಿಯತ್ತು ಸರಿ ಇದ್ದರೆ ಸಾಕು."

ಅಷ್ಟು ಸಾಕಾಗಿತ್ತು ನನಗೆ. ಮನೆಗೆ ಬಂದವಳೇ ಜಕಾತಿನ ದುಡ್ಡನ್ನು ಕಾಗದದಲ್ಲಿ ಸುತ್ತಿ ಹತಾರದ ಪೆಟ್ಟಿಗೆಯಲ್ಲಿ ಕೀಸುಳಿಯ ಕೆಳಗಿಟ್ಟೆ. ನೋಡಲಿ, ದೇವರು ಕೊಟ್ಟ ಅಂದುಕೊಳ್ಳಲಿ, ಸಾಲಕ್ಕೆ ಕಟ್ಟಲಿ. ಪೆಟ್ಟಿಗೆ ಮಾರಿದರೆ ಬರುವುದಕ್ಕಿಂತ ಅದೇನೂ ಕಡಿಮೆಯಿರಲಿಲ್ಲ.

ಸಂಜೆ ಪೆಟ್ಟಿಗೆ ತೆರೆದವರು ಎಲ್ಲಿಗೋ ಓಡಿಹೋಗಿ ಬಂದರು. ಮುಖ ಬಿಳಿಚಿಕೊಂಡಿತ್ತು. "ಯಾರದೋ ಜಕಾತಿನ ಪೊಟ್ಟಣ ಪೆಟ್ಟಿಗೇಲಿ ಉಳಿದುಬಿಟ್ಟಿತ್ತು ಕಣೇ. ಯಾವ ಮನೇದು ಅಂತ ನೆನಪೇ ಆಗ್ತಿಲ್ಲ. ಪಾಪ, ಯಾರು ಅದಕ್ಕೆ ಕಾಯ್ತಾ ಕೂತಿದ್ರೋ. ಓಡಿಹೋಗಿ ಅಜ್ಜನ ಕೈಗೆ ಕೊಟ್ಟುಬಂದೆ."

ನಾನು ಹಣೆ ಚಚ್ಚಿಕೊಂಡೆ. ಸಾಲ ಕುತ್ತಿಗೆಗೆ ಬಂದು ಕೂತಿರುವಾಗ ಕೈಗೆ ಸಿಕ್ಕ ದುಡ್ಡನ್ನು ಒಂದು ಗಳಿಗೆಯೂ ಇಟ್ಟುಕೊಳ್ಳದ ಈ ಮನುಷ್ಯನನ್ನು ಏನು ಮಾಡುವುದು? ಪಿತ್ತ ನೆತ್ತಿಗೇರಿತು. ಅದರ ಜೊತೆಗೇ ಇವರ ಮೇಲೆ ಎಷ್ಟು ಅಕ್ಕರೆ ಉಕ್ಕಿತೆಂದರೆ ಸಿಟ್ಟು ಮಾಡಲೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜ ಅದೇ ಪೊಟ್ಟಣ ಹಿಡಿದುಕೊಂಡು ಬಂದರು. ಅದನ್ನು ಇವರ ಮುಂದೆ ಚಾಚಿ, "ಇದು ಎರಡನೇ ಸಲ ನಿನ್ನ ವಿಳಾಸ ಹುಡುಕ್ಕೊಂಡು ಬಂದಿದೆ. ತಗೋ" ಅಂದರು.

"ನನಗಾ? ಅಜ್ಜ, ನಾನು ತಂದುಕೊಡೋನು. ತಗೊಳ್ಳೋನಲ್ಲ."

"ಹಾಗಂದ್ರೆ ಇಷ್ಟು ವರ್ಷ ತಗೊಂಡವರೆಲ್ಲ ನಿನಗಿಂತ ಕಡಿಮೆಯವರು ಅಂತಲಾ?"

ಇವರ ಮುಖ ನೋಡಲಾಗದೆ ನಾನು ಬಾಯಿ ಹಾಕಿದೆ.

"ಪೆಟ್ಟಿಗೇಲಿ ಇಟ್ಟಿದ್ದು ನಾನೇ. ಅದು ನಾನು ತೆಗೆದ ಜಕಾತ್. ಹೇಗೂ ಹೊರಗೆ ಹೋಗೋ ಪಾಲು. ಮನೇಲೇ ಸಾಲಗಾರ ಇರುವಾಗ ಅವನನ್ನ ದಾಟಿಕೊಂಡು ಹೋಗು ಅನ್ನಲಾ?"

"ಹೆಂಡತಿ ಹತ್ರ ಕೈ ಚಾಚೋದಾ?"

"ನನ್ನ ಹತ್ರ ಎಲ್ಲಿ ಚಾಚ್ತಿದ್ದೀರಿ? ಬಳೆ ನಂದು, ಬೇಡ ಅಂದ್ರಿ, ಸುಮ್ಮನಾದೆ. ಇದು ನಂದಲ್ಲ ರೀ, ನಿಮ್ಮ ಹಕ್ಕು. ಇದನ್ನ ಇಟ್ಕೊಳ್ಳೋಕೆ ನಾನ್ಯಾರು?"

ಇವರು ಪೊಟ್ಟಣ ತೆಗೆದುಕೊಂಡರು. ಮೊದಲು ಮಾಡಿದ ಕೆಲಸ ಹಳೆ ಸಾಮಾನಿನವನಿಗೆ ಫೋನು. "ಪೆಟ್ಟಿಗೆ ಕೊಡಲ್ಲಪ್ಪ, ಬರಬೇಡ" ಅಂದರು.

ಅಜ್ಜ ಹೊರಡಲು ಎದ್ದರು. ಇವರು ತಡೆದರು. "ಇರಿ ಅಜ್ಜ. ತಗೊಂಡವನು ಕೊಟ್ಟವರಿಗೋಸ್ಕರ ಬೇಡಿಕೊಳ್ಳಬೇಕಲ್ಲ."

ಸಾರು ಚೆನ್ನಾಗಿದೆ ಅಂತ ಒಂದು ದಿನವೂ ಅನ್ನದ ಮನುಷ್ಯ ನನ್ನೆದುರು ಎರಡೂ ಅಂಗೈ ತೆರೆದು ನಿಂತರು.

"ಕೊಟ್ಟಿದ್ದಕ್ಕೆ ಇವಳಿಗೆ ಪ್ರತಿಫಲ ಸಿಗಲಿ. ಉಳಿದಿದ್ದರಲ್ಲಿ ಬರಕತ್ತು ಇರಲಿ."

ಅಷ್ಟೇ ಎಲ್ಲರೂ ಹೇಳುವುದು. ಮುಗಿಯಿತೆಂದು ಅಜ್ಜ ಆಮೀನ್ ಅನ್ನಲು ಬಾಯಿ ತೆರೆದರು. ಇವರದು ಮುಗಿದಿರಲಿಲ್ಲ.

"ಇವಳ ಮಂಡಿನೋವು ವಾಸಿಯಾಗಲಿ. ನನಗಿಂತ ಮೊದಲು ಇವಳನ್ನ ಕರೆಸಿಕೊಳ್ಳಬೇಡ."

ಮಂಡಿನೋವಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಆಮೀನ್ ಅನ್ನಬೇಕಿತ್ತು, ದನಿ ಹೊರಡಲಿಲ್ಲ. ಅಜ್ಜ ನನ್ನದನ್ನೂ ಸೇರಿಸಿ ಎರಡು ಸಲ ಅಂದರು.