ಜಿಲಾನಿಸಾಬನ ಗಾಜು

ಮೈಯತ್ತಿಗೆ ಕೊನೆಯ ಸ್ನಾನದ ನೀರು ಹಾಕುತ್ತಿದ್ದ ಮರೆಯ ಹೊರಗೆ ನಿಂತು ಕೊಡ ಎತ್ತಿಕೊಡುತ್ತಿದ್ದ ಹಮಾಲ ಕರಿಬಸಪ್ಪನ ಜೇಬಿನಲ್ಲಿ ಫೋನು ಐದನೇ ಸಲ ಬಡಿದುಕೊಂಡಿತು. ಸಿಂಧನೂರಿನಿಂದ ಅಕ್ಕಿ ಮಿಲ್ಲಿನ ಮಾಲೀಕ ವೀರೇಂದ್ರ.

“ಕಲ್ಲು ಆರಿಸೋ ಯಂತ್ರ ಛಲೋ ಅಕ್ಕೀನೂ ಹೊರಗ ಒಗಿಯಾಕತ್ತೈತಿ! ಯಾವನೋ ಅದರ ಗಾಜು ಟವೆಲ್ಲಿಲೇ ತಿಕ್ಕಿ ಗೀರು ಬೀಳಿಸ್ಯಾನ. ಜಿಲಾನಿ ಇನ್ನೊಂದು ಗಾಜು ಎಲ್ಲಿಟ್ಟಾನ, ಕೇಳು.”

“ಯಾರನ್ನ ಕೇಳ್ಲಿರೀ ಸಾವ್ಕಾರ್ರ? ಅವನಿಗೇ ನೀರು ಹಾಕಾಕತ್ತಾರ!”

* * *

ಬಿಳಿ ಅಕ್ಕಿಯಲ್ಲಿ ಅಡಗಿದ ಬಿಳಿ ಕಲ್ಲು ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ. ಆ ಯಂತ್ರ ಅದನ್ನು ಅತಿಗೆಂಪು ಬೆಳಕಿನಲ್ಲಿ ಹಿಡಿಯುತ್ತಿತ್ತು. ಬೆಳಕು ಹಾಯುವ ಗಾಜಿಗೆ ತೆಳ್ಳನೆಯ ಲೇಪ. ಬೆಳಕು ಮರಳಿ ಚಿಮ್ಮಬಾರದು, ತೌಡಿನ ಧೂಳು ಗೀರಬಾರದು ಎಂದು. ಹನ್ನೊಂದು ವರ್ಷ ಜಿಲಾನಿಸಾಬ್ ಅದನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಹಮಾಲರು ಬೈದರೂ ದಿನಕ್ಕೆ ಮೂರು ಸಲ ಯಂತ್ರ ನಿಲ್ಲಿಸಿ, ಮೊದಲು ಗಾಳಿ ಊದಿ, ಆಮೇಲೆ ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದ.

“ಅದೇನು ನಿನ್ನ ಹೇಣ್ತಿ ಮುಖ ಏನಲೇ?” ಎಂದು ಕರಿಬಸಪ್ಪ ರೇಗುತ್ತಿದ್ದ.

“ಕಲ್ಲು ಕಡದು ಯಾರದರ ಹಲ್ಲು ಮುರದ್ರ ನೀ ಕಟ್ಟಿಸಿ ಕೊಡ್ತೀಯೇನು?”

ನಿನ್ನೆ ಸಂಜೆ ಮಿಲ್ಲಿನಿಂದ ಬಸ್ಸಿನಲ್ಲಿ ತುರ್ವಿಹಾಳದ ಮನೆಗೆ ಬಂದವನು, ಎದೆ ಹಿಡಿದುಕೊಂಡು ಕೂತ. ಅಷ್ಟೇ.

* * *

ಬಾಗಿಲ ಹಿಂದಿನಿಂದ ಜಿಲಾನಿಯ ಹೆಂಡತಿ ಹಸೀನಾಬೀ ಸಿಡುಕಿದಳು. “ಬದುಕಿದ್ದಾಗೂ ಮಿಲ್ಲು, ಈಗೂ ಮಿಲ್ಲು! ಆ ಗಾಜು ನನ್ನ ಟ್ರಂಕಿನ್ಯಾಗ ಐತಿ, ಕರಿಬಸಪ್ಪಣ್ಣ. ಧೂಳು ಹತ್ತಬಾರದಂತ ನನ್ನ ನಿಕಾ ಸೀರ್ಯಾಗ ಸುತ್ತಿಟ್ಟಾರ. ವರ್ಷಾತು, ಒಂದು ಮದಿವಿಗೂ ಉಡಾಕ ಬಿಟ್ಟಿಲ್ಲ.”

“ಕೊಡ್ರಿ ಭಾಬಿ, ಯಾರ ಕೈಲರ ಕಳಸ್ತೀನಿ.”

“ದಫನ್ ಆಗಿ ಮಣ್ಣು ಮುಚ್ಚೋತನಾ ಇದು ಮನಿ ಬಿಟ್ಟು ಹೋಗಂಗಿಲ್ಲ. ಇವತ್ತೊಂದಿನ ಅವರ ಸಲುವಾಗಿ ಯಂತ್ರ ನಿಲ್ಲಲಿ.”

ಕರಿಬಸಪ್ಪ ಅದನ್ನೇ ಫೋನಿನಲ್ಲಿ ಹೇಳಿದ.

“ಲಾರಿ ನಿಂತಾವಲೇ!”

“ನಿಲ್ಲಲಿ ಬಿಡ್ರಿ,” ಎಂದವನೇ ಫೋನು ಆರಿಸಿದ. ಸಾವ್ಕಾರನಿಗೆ ಹಾಗೆ ಅಂದದ್ದು ಅದೇ ಮೊದಲು.

ಖಬರಸ್ತಾನದಲ್ಲಿ ಎಲ್ಲರಂತೆ ಅವನೂ ಮೂರು ಹಿಡಿ ಮಣ್ಣು ಹಾಕಿದ. ಮರಳಿ ಬಂದಾಗ ಅಂಗಳದ ಕಟ್ಟೆಯ ಮೇಲೆ ಹಸಿರು ಸೀರೆಯ ಗಂಟಿತ್ತು.

“ಗಾಜು ಅಷ್ಟ ಒಯ್ರಿ,” ಒಳಗಿನಿಂದ ಹಸೀನಾಬೀ ಅಂದಳು. “ಸೀರಿ ನನಗ ಬೇಕು.”

ಗಂಟು ಬಿಚ್ಚಲು ಕೈ ಚಾಚಿದವನು ಹಿಂದೆಳೆದುಕೊಂಡ. ಉಗುರು ಸಂದಿಯಲ್ಲೆಲ್ಲ ಗೋರಿಯ ಎರೆಮಣ್ಣು; ಗಾಜಿಗೆ ಗೀರು ಬಿದ್ದೀತು. ಎದ್ದು ಹೋಗಿ ನಲ್ಲಿ ತಿರುವಿದ. ನೀರು ಸುರಿಯತೊಡಗಿತು. ಮಣ್ಣು ಮೆತ್ತಿದ ಎರಡೂ ಕೈಗಳನ್ನು ನೀರಿನಿಂದ ಗೇಣು ದೂರದಲ್ಲಿ ಹಿಡಿದು, ಜಿಲಾನಿಯ ಮಣ್ಣು ತೊಳೆದುಕೊಳ್ಳಲು ಮನಸ್ಸಾಗದೆ ಅವನು ನಿಂತೇ ಇದ್ದ.