ಬಲಗಡೆಯ ಹಲ್ಲುಗಳು

ಭಾವ ಗರಗಸ ಹಿಡಿದು ಬಾಗಿಲಲ್ಲಿ ನಿಂತಾಗ ಅವಳು ಕಿಟಕಿಗೆ ಗೋಣಿಚೀಲ ಕಟ್ಟುತ್ತಿದ್ದಳು. ಹಗಲಿನ ಬೆಳಕು ಎಲ್ಲ ಕಡೆಯಿಂದ ನುಗ್ಗಿದರೆ ಗರಗಸದ ಹಲ್ಲಿನ ಮೊನೆ ಸರಿಯಾಗಿ ಕಾಣುವುದಿಲ್ಲ. ಅವಳಿಗೆ ಬೇಕಾದದ್ದು ಒಂದೇ ದೀಪ. ಅದು ಬಗ್ಗಿಸಿದ ಕಂಬಿಯ ತುದಿಯಲ್ಲಿ, ತಗಡಿನ ಮರೆಯೊಳಗೆ, ಹಲ್ಲಿನ ಮಟ್ಟಕ್ಕೆ ಇಳಿದಿರಬೇಕು. ಆ ಬೆಳಕಿನಲ್ಲಿ ಮೊಂಡಾದ ಹಲ್ಲಿನ ತುದಿ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ. ಚುಕ್ಕೆ ಮಾಯವಾಗುವವರೆಗೆ ಅರದಿಂದ ಉಜ್ಜಬೇಕು. ಅದಕ್ಕಿಂತ ಹೆಚ್ಚಾದರೆ ಹಲ್ಲು ಗಿಡ್ಡವಾಗುತ್ತದೆ.

"ಏನಮ್ಮಾ, ಕತ್ತಲೆ ಮಾಡ್ಕೊಂಡು ಯಾರಿಗೆ ಶಾಪ ಹಾಕ್ತಿದೀಯ?"

"ಹೆಸರು ಹೇಳಿದ್ರೆ ನಿಮಗೇ ಬೇಜಾರಾಗುತ್ತೆ, ಭಾವ."

ಅವನು ಜೋರಾಗಿ ನಕ್ಕ. ಅಕ್ಕನ ಗಂಡ, ಮರದ ಕಾರ್ಖಾನೆಯ ಮೇಸ್ತ್ರಿ. ಹೋದ ವರ್ಷ ಅಲ್ಲಿ ಹರಿತ ಮಾಡುವ ಯಂತ್ರ ಕೂರಿಸಿದ್ದ. ಯಂತ್ರಕ್ಕೆ ಕೆಲಸ ಬೇಕಾಗಿತ್ತು. "ನನ್ನ ನಾದಿನಿಗೆ ಕಣ್ಣು ಮಂಜಾಗಿದೆ, ಪಾಪ" ಎಂದು ಯಜಮಾನನ ಕಿವಿಯಲ್ಲಿ ಊದಿದ. ಮಾತು ಬೀದಿಯೆಲ್ಲ ಹಬ್ಬಿತು. ಗರಗಸ ಹರಿತ ಮಾಡಿಸಲು ಅವಳ ಬಳಿ ಬರುತ್ತಿದ್ದ ಬಡಗಿಗಳು ಒಬ್ಬೊಬ್ಬರೇ ಬರುವುದು ಬಿಟ್ಟರು. ಒಡಹುಟ್ಟಿದ ಅಕ್ಕನೇ ಕಣ್ಣಿಗೆ ಹಾಕುವ ಔಷಧಿ ತಂದುಕೊಟ್ಟಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ.

"ಇದು ಸಣ್ಣ ಹಲ್ಲಿಂದು, ಯಂತ್ರಕ್ಕೆ ಬಗ್ಗಲ್ಲ" ಎಂದ ಭಾವ. "ನಾಳೆ ಬೆಳಿಗ್ಗೆ ಯಜಮಾನರ ಎದುರಿಗೇ ಹಳೇ ಹಲಗೆಯೊಂದನ್ನ ಕೊಯ್ಬೇಕು. ಅಂಥದ್ದು ಇನ್ನೊಂದು ಸಿಗಲ್ಲ. ಇಲ್ಲಿಗೆ ತಂದಿದ್ದು ನಮ್ಮಿಬ್ಬರಲ್ಲೇ ಇರ್ಲಿ."

"ಕಣ್ಣು ಕಾಣದವಳ ಹತ್ರ ಯಾಕೆ ತಂದ್ರಿ?"

"ಅಯ್ಯೋ, ಅದನ್ನ ಇನ್ನೂ ಹಿಡ್ಕೊಂಡು ಕೂತಿದೀಯಾ? ವ್ಯಾಪಾರ ಅಂದ್ಮೇಲೆ ಒಂದು ಮಾತು ಆಚೀಚೆ ಆಗುತ್ತಪ್ಪ."

ಆಗಲೇ ಅವಳು ತೀರ್ಮಾನಿಸಿದಳು. ಕೊಯ್ತ ಕೆಟ್ಟರೂ, ಗುಟ್ಟಾಗಿ ತಂದವನು ನನ್ನ ಹೆಸರು ಎತ್ತಲಾರ ಎಂದುಕೊಂಡಳು.

ಗರಗಸವನ್ನು ಎರಡು ಪಟ್ಟಿಗಳ ನಡುವೆ ಬಿಗಿದು ಪ್ರತಿ ಹಲ್ಲನ್ನೂ ಹರಿತ ಮಾಡಿದಳು. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಸಮನಾಗಿ ಬಾಗಿಸಿದರೆ ಗರಗಸ ಗೆರೆ ಬಿಡುವುದಿಲ್ಲ. ಅವಳು ಬಲಗಡೆಯವನ್ನು ಕೂದಲೆಳೆಯಷ್ಟು ಹೆಚ್ಚು ಬಾಗಿಸಿದಳು.

ಸಂಜೆ ಭಾವ ಬಂದು ಗರಗಸವನ್ನು ದೀಪಕ್ಕೆ ಹಿಡಿದ. "ಒಂದೂ ಚುಕ್ಕೆ ಇಲ್ಲ. ಭೇಷ್!" ಕಣ್ಣಿನ ನೇರಕ್ಕೆ ಎತ್ತಿ ಹಲ್ಲಿನ ಸಾಲು ನೋಡಲಿಲ್ಲ. ಯಂತ್ರ ಬಂದ ಮೇಲೆ ಆ ಅಭ್ಯಾಸ ತಪ್ಪಿತ್ತು.

ಮರುದಿನ ಬೆಳಿಗ್ಗೆ ಅವಳು ಕಾರ್ಖಾನೆಗೆ ಹೋಗಿ ಬಡಗಿಗಳ ಹಿಂದೆ ನಿಂತಳು. ಗರಗಸ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು, ಆಮೇಲೆ ಬಲಕ್ಕೆ ಎಳೆಯತೊಡಗಿತು. ಭಾವ ಮಣಿಕಟ್ಟು ತಿರುಗಿಸಿ ಗುದ್ದಾಡಿದ. ಹಲಗೆ ಎರಡಾದಾಗ ಕೊಯ್ತ ಗೆರೆಯಿಂದ ಎರಡು ಬೆರಳು ಆಚೆ ಹೋಗಿತ್ತು.

"ಏನ್ ಮೇಸ್ತ್ರಿ ಇದು?" ಎಂದ ಯಜಮಾನ.

ಭಾವನ ಕಣ್ಣು ಅವಳ ಮೇಲೆ ಬಿತ್ತು. "ಇವಳೇ ಹರಿತ ಮಾಡಿದ್ದು! ಅಯ್ಯೋ ಪಾಪ ಅಂತ ಕೆಲಸ ಕೊಟ್ಟೆ. ಕಣ್ಣು ಕಾಣಲ್ಲ ಅಂತ ನಾನು ಆವತ್ತೇ ಹೇಳಿರ್ಲಿಲ್ವಾ?"

ಎಲ್ಲರೂ ತಲೆಯಾಡಿಸಿದರು. ಒಂದು ವರ್ಷ ಓಡಾಡಿದ ಸುಳ್ಳಿಗೆ ಅವಳೇ ಸಾಕ್ಷಿ ಒದಗಿಸಿದ್ದಳು. ಸುಮ್ಮನಿದ್ದರೆ ಅವಳು ಬಚಾವು. ಸುಮ್ಮನಿದ್ದರೆ ಅವನೂ ಬಚಾವು.

ಮುಂದೆ ಬಂದು ಗರಗಸ ಕಿತ್ತುಕೊಂಡಳು. ಬೆಂಚಿನ ಮೇಲಿದ್ದ ಸಾಣೆಕಲ್ಲನ್ನು ಹೆಚ್ಚಿನ ಬಾಗು ಸವೆಯುವಂತೆ ಬಲಗಡೆಯ ಹಲ್ಲುಗಳ ಉದ್ದಕ್ಕೂ ಸವರಿದಳು. ಒಂದು ತುಂಡು ಹಲಗೆ ಎಳೆದುಕೊಂಡು, "ಗೆರೆ ನೀವೇ ಹಾಕಿ" ಎಂದಳು ಯಜಮಾನನಿಗೆ. ಅವನು ಹಾಕಿದ. ಪೆನ್ಸಿಲ್ ಗೆರೆಯನ್ನೇ ಸೀಳಿಕೊಂಡು ಗರಗಸ ಕೆಳಗೆ ಬಂತು.

"ಕಣ್ಣು ಚೆನ್ನಾಗಿದೆ. ಕೈಯೂ ಚೆನ್ನಾಗಿದೆ. ನಿಮ್ಮ ಹಲಗೆ ಕೆಡಿಸಿದ್ದು ನಾನು, ಬೇಕಂತಲೇ."

"ನಂದೇನಮ್ಮಾ ತಪ್ಪು? ಹಲಗೆ ನಂದು!" ಎಂದ ಯಜಮಾನ.

"ಅವರ ಮಾತು ಕೇಳಿದ ಕಿವೀನೂ ನಿಮ್ದೇ."

"ಆಚೆ ನಡಿ!"

ಬಾಗಿಲ ಬಳಿ ಬಡಗಿಯೊಬ್ಬ ತನ್ನ ಗರಗಸವನ್ನು ಬೆನ್ನ ಹಿಂದೆ ಸರಿಸಿಕೊಂಡ. ಇನ್ನು ಯಾರೂ ಕೆಲಸ ಕೊಡುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಆದರೂ ತಿರುಗಿ ನಿಂತಳು. ಯಜಮಾನ ಭಾವನ ಮುಂದೆ ಅಂಗೈ ಚಾಚಿ ಕಾರ್ಖಾನೆಯ ಬೀಗದ ಕೈ ಕೇಳುತ್ತಿದ್ದ. ಭಾವ ಒಂದೊಂದೇ ಜೇಬು ತಡಕಾಡಿ ಹೊತ್ತು ಕಳೆಯುತ್ತಿದ್ದ. ಗೊಂಚಲು ಯಜಮಾನನ ಕೈಗೆ ಬೀಳುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.