ಒಳಬಾಗಿಲಿನ ಗೀಟುಗಳು

ಉರುಕುಂದಮ್ಮ ಬೀರುವಿನ ಬಾಗಿಲು ತೆರೆದು, ಒಳಗಡೆಯ ಹೊಸ ಬಣ್ಣವನ್ನು ಹೆಬ್ಬೆರಳಿನ ಉಗುರಿನಿಂದ ಕೆರೆಯುತ್ತಿದ್ದಳು. ಬಣ್ಣ ಏಳಲಿಲ್ಲ. ತನ್ನ ಸೊಂಟಕ್ಕಿಂತ ಒಂದು ಗೇಣು ಮೇಲೆ ಕೆರೆದಳು, ಅದರ ಕೆಳಗೆ ಕೆರೆದಳು, ಮತ್ತೆ ಮೇಲಕ್ಕೆ ಬಂದಳು.

"ಏನವಾ, ನಿನ್ನ ಬೀರುವಾನ ನೀನಽ ಕೆಡಸಾಕತ್ತೀಯಲ್ಲ," ಎನ್ನುತ್ತಾ ದಸ್ತಗಿರಿ ಅಂಗಡಿಯೊಳಗಿಂದ ಕೈ ಒರೆಸಿಕೊಳ್ಳುತ್ತ ಬಂದ. "ಎರಡು ಕೋಟು ಹೊಡದೀನಿ. ಶೋರೂಮಿಂದು ಒಂದು ತಂದು ಬಾಜೂಕ ಇಡು, ಯಾವುದು ಹೊಸಾದು ಅಂತ ನಿನ್ನ ಗಂಡಗೂ ಗೊತ್ತಾಗಂಗಿಲ್ಲ."

"ಇಲ್ಲಿ ಗೀಟಿದ್ವು."

"ಏನು?"

"ಗೀಟು, ಅಣ್ಣ. ಮೊಳಿಲೆ ಗೀಚಿದ್ವು."

"ಹೂಂ, ಇದ್ವು. ಎಂಥಾ ಹೊಲಸು ಕಾಣತಿತ್ತು. ಗ್ರೈಂಡರ್ ಹಿಡದೆ, ಗೀರು ಮುಚ್ಚಾಕ ಲಪ್ಪ ತುಂಬಿ ಉಪ್ಪುಕಾಗದ ತಿಕ್ಕಿದೆ. ಕೈಯಾಡಸಿ ನೋಡು, ಗಾಜಿನಂಗ ಐತಿ."

ಅವಳು ಕೈಯಾಡಿಸಿದಳು. ಗಾಜಿನಂತೆಯೇ ಇತ್ತು.

ಆದೋನಿಯ ಸ್ಟೇಷನ್ ರಸ್ತೆಯಲ್ಲಿ ದಸ್ತಗಿರಿಯದು ಹಳೇ ಸಾಮಾನಿನ ಅಂಗಡಿ. ಕೂಲರು, ಮಂಚ, ಮಿಕ್ಸರು, ಹೊಲಿಗೆ ಮಿಷನ್ನು, ಬೀರು. ಕೊಂಡು, ರಿಪೇರಿ ಮಾಡಿ, ಬಣ್ಣ ಹೊಡೆದು ಮಾರುತ್ತಾನೆ. ಪ್ರತಿ ಚಳಿಗಾಲ ಕೋಸಗಿಯ ಕಡೆಯ ಜನ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುವ ಮುಂಚೆ ಮನೆಯ ಸಾಮಾನನ್ನು ಇವನಿಗೆ ಮಾರಿ ಹೋಗುತ್ತಾರೆ. ತಿರುಗಿ ಬಂದಾಗ ಅದನ್ನೇ ಕೊಂಡುಕೊಳ್ಳುತ್ತಾರೆ. ಕಾಗದ ಪತ್ರ ಏನಿಲ್ಲ. ಮಾರುವ ದಿನ ಆ ಮನೆಯ ಹೆಂಗಸು ತನ್ನ ಹಳೇ ಸೀರೆಯ ಅಂಚಿನಿಂದ ಒಂದು ಚೂರು ಹರಿದು ಸಾಮಾನಿಗೆ ಕಟ್ಟುತ್ತಾಳೆ. ಚೂರು ಕಟ್ಟಿದ್ದನ್ನು ಯುಗಾದಿಯವರೆಗೆ ದಸ್ತಗಿರಿ ಯಾರಿಗೂ ಕೊಡುವುದಿಲ್ಲ. ತಿರುಗಿ ಕೊಂಡ ದಿನ ಅವಳೇ ಅದನ್ನು ಬಿಚ್ಚುತ್ತಾಳೆ.

ಈ ಸಲ ಕೌತಾಳಂ ಕಡೆಯ ಮದುವೆ ಮನೆಯವರು ಇದೇ ಬೀರು ಬೇಕೆಂದು ಎರಡು ಸಲ ಬಂದಿದ್ದರು. ಅವನು ಉರುಕುಂದಮ್ಮ ಕಟ್ಟಿದ್ದ ಹಳದಿ ಚೂರು ತೋರಿಸಿ ಕಳಿಸಿಬಿಟ್ಟಿದ್ದ. ಹೋದ ವಾರ ಇನ್ನೊಂದು ಬೀರುವಿಗೆ ಕಲಸಿದ ನೀಲಿ ಬಣ್ಣ ಉಳಿಯಿತು. ನಂಬಿ ಬಿಟ್ಟು ಹೋದ ಹೆಣ್ಣುಮಗಳು, ಬಂದಾಗ ಖುಷಿಪಡಲಿ ಎಂದುಕೊಂಡ. ಚೂರನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಬಣ್ಣ ಹೊಡೆದ. ಒಣಗಿದ ಮೇಲೆ ಹಿಡಿಕೆಗೆ ಅದನ್ನು ಮೊದಲಿನಂತೆಯೇ ಎರಡು ಗಂಟು ಹಾಕಿ ಕಟ್ಟಿದ.

"ಭವಾನಿ ಎಲ್ಲೈದಾಳ?" ದಸ್ತಗಿರಿ ಅವಳ ಮಗಳಿಗಾಗಿ ರಸ್ತೆಯತ್ತ ನೋಡಿದ. "ಬಂದ ಕೂಡ್ಲೆ ಕೂಲರಿನ ಮುಂದ ನಿಂತು 'ಹೋ' ಅಂತಿದ್ಲು. ಇವತ್ತು ಅಂಗಡಿ ಸುಮ್ಮಗೈತಿ."

"ಆಕಿ ಬರಲಿಲ್ಲ."

"ಅಲ್ಲೇ ಬಿಟ್ಟು ಬಂದ್ರಿ?"

"ಅಲ್ಲೇ ಮಣ್ಣು ಮಾಡಿದ್ವಿ. ಜ್ವರ ಬಂತು. ಮೂರು ದಿನ."

ದಸ್ತಗಿರಿ ಮಾರಾಟಕ್ಕಿಟ್ಟಿದ್ದ ಸ್ಟೂಲೊಂದನ್ನು ಎಳೆದು ಕೂತ.

ಪ್ರತಿ ವರ್ಷ ಹೊರಡುವ ದಿನ ಮಗಳನ್ನು ಈ ಬಾಗಿಲಿಗೆ ನಿಲ್ಲಿಸಿ ತಲೆಯ ಮೇಲೆ ಒಂದು ಗೀಟು ಎಳೆಯುತ್ತಿದ್ದೆ ಎಂದು ಉರುಕುಂದಮ್ಮ ಹೇಳಿದಳು. ಬಂದ ಮೇಲೆ ಇನ್ನೊಂದು. "ಗುಂಟೂರಿನಾಗ ಎಷ್ಟು ಬೆಳದೀನಿ ಅಂತ ಆಕಿನಽ ಬೆರಳು ಇಟ್ಟು ನೋಡ್ಕೊಂತಿದ್ಲು. ಮ್ಯಾಲಿಂದು ಈ ಸಲ ಹೋಗಾಗ ಹಾಕಿದ್ದು." ಯುಗಾದಿಗೆ ಸತ್ತವರ ಹೆಸರಿನಲ್ಲಿ ದೀಪದ ಮುಂದೆ ಹೊಸ ಬಟ್ಟೆ ಇಡಬೇಕು. "ಟೇಲರ್ ಶ್ರೀರಾಮುಲು ಎತ್ತರ ಕೇಳ್ಯಾನ. ಎತ್ತರ ಹೇಳಿದ್ರ ಲಂಗ ಹೊಲೀತೀನಿ ಅಂದಾನ. ಆಕಿ ಬಟ್ಟೆ ಎಲ್ಲಾ ಆಕಿ ಕೂಡ ಮಣ್ಣಿಗೆ ಹಾಕಿದ್ವಿ."

"ಫೋನಿನಾಗ ಫೋಟೋ ಇಲ್ಲೇನು?"

"ಐತಿ. ಫೋಟೋದಾಗ ಎತ್ತರ ಎಲ್ಲಿ ಸಿಗತೈತಣ್ಣ."

ದಸ್ತಗಿರಿ ಎದ್ದ. ಥಿನ್ನರ್ ಡಬ್ಬಿ ತಂದು ಬಟ್ಟೆಗೆ ಸುರಿದುಕೊಂಡು ಬಾಗಿಲನ್ನು ತಿಕ್ಕತೊಡಗಿದ. ನೀಲಿ ಕರಗಿ ಮೊಣಕೈವರೆಗೆ ಇಳಿಯಿತು. ನೀಲಿಯ ಕೆಳಗೆ ಬೂದು ಬಣ್ಣದ ಲಪ್ಪ ಸಿಕ್ಕಿತು. ಅದನ್ನು ತಗಡಿನ ಪಟ್ಟಿಯಿಂದ ಹೆರೆದ. ಅದರ ಕೆಳಗೆ ಬರೀ ಕಬ್ಬಿಣ, ಬೆಳ್ಳಗೆ ಹೊಳೆಯಿತು. ಟಾರ್ಚನ್ನು ಓರೆಯಾಗಿ ಹಿಡಿದು ಇಬ್ಬರೂ ಬಗ್ಗಿ ಹುಡುಕಿದರು. ಗ್ರೈಂಡರು ಸುತ್ತಿದ ಗುಂಡನೆಯ ಗುರುತುಗಳು ಮಾತ್ರ ಇದ್ದವು, ಒಂದರ ಮೇಲೊಂದು.

ಅವನು ಟಾರ್ಚ್ ಆರಿಸಿದ. "ಕೈಲೆ ತೋರಸು, ತಂಗಿ. ಎಷ್ಟಿದ್ಲು?"

ಅವಳು ಅಂಗೈಯನ್ನು ನೆಲದ ಕಡೆ ಮಾಡಿ ಎದೆಯ ಹತ್ತಿರ ಹಿಡಿದಳು. ಎರಡು ಬೆರಳು ಇಳಿಸಿದಳು. ಮತ್ತೆ ಏರಿಸಿದಳು. ಕೈ ಎಲ್ಲಿಯೂ ನಿಲ್ಲಲಿಲ್ಲ.

"ದವಾಖಾನಿಗೆ ಹೊತ್ಕೊಂಡು ಓಡಾಗ ಆಕಿ ಕಾಲು ನನ್ನ ಮೊಣಕಾಲಿಗೆ ಬಡೀತಿದ್ವು," ಎಂದಳು. "ಅಷ್ಟಽ ಗೊತ್ತು."

"ಬೀರುವಾ ಹಂಗಽ ಒಯ್ಯಿ. ನನಗೇನೂ ಕೊಡಬ್ಯಾಡ."

ಅವಳು ಹಿಡಿಕೆಯ ಹಳದಿ ಚೂರನ್ನು ಬಿಚ್ಚಲಿಲ್ಲ.

ಅಂಗಡಿಯ ಹಿಂದೆಯೇ ದಸ್ತಗಿರಿಯ ಮನೆ. ಅಲ್ಲಿ ಯಾರೋ ಉಣ್ಣುವ ತಟ್ಟೆಯ ಸದ್ದಾಯಿತು. ಅವನು ಆ ಕಡೆ ನೋಡಿದ, ಉರುಕುಂದಮ್ಮನ ಕಡೆ ನೋಡಿದ, ತಡೆದ, ಆಮೇಲೆ ಮೊಮ್ಮಗಳನ್ನು ಕೂಗಿದ.

"ಬೇಟಾ, ಇಲ್ಲಿ ಬಾ ಒಂದ್ನಿಮಿಷ."

ಸ್ಕೂಲಿನಿಂದ ಊಟಕ್ಕೆ ಬಂದಿದ್ದ ಹುಡುಗಿ ಎಂಜಲು ಕೈಯಲ್ಲೇ ಬಂದಳು.

"ನೀವು ಹೋಗೋ ದಿನ ಈಕಿ, ಭವಾನಿ ಇಬ್ರೂ ಕೂಲರಿನ ಮುಂದ ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ರು," ಎಂದ ದಸ್ತಗಿರಿ. "ಕೂದಲೆಳಿ ಫರಕ್ ಇರಲಿಲ್ಲ. ನಾನಽ ನೋಡಿ ನಕ್ಕಿದ್ದೆ. ನಿಂದ್ರು ಬೇಟಾ, ಬಾಗಲಕ್ಕ ಬೆನ್ನು ಹಚ್ಚಿ."

ಹುಡುಗಿ ನಿಂತಳು. ಹಿಮ್ಮಡಿಗಳನ್ನು ಜೋಡಿಸಿ, ಗದ್ದ ಎತ್ತಿ, ಉಸಿರು ಹಿಡಿದು ಇನ್ನಷ್ಟು ಎತ್ತರವಾಗಲು ನೋಡಿದಳು. ದಸ್ತಗಿರಿ ಡಬ್ಬಿಯಿಂದ ಮೊಳೆಯೊಂದನ್ನು ಹೆಕ್ಕಿ ಅವಳ ನೆತ್ತಿಯ ಮೇಲೆ ಕಬ್ಬಿಣಕ್ಕೆ ಹಿಡಿದ.

"ಟೇಪ್ ಹಿಡಿ, ತಂಗಿ. ಶ್ರೀರಾಮುಲುಗ ಇದನ್ನಽ ಹೇಳು."

ಉರುಕುಂದಮ್ಮ ಹುಡುಗಿಯನ್ನು ನೆತ್ತಿಯಿಂದ ಪಾದದವರೆಗೆ ಒಂದು ಸಲ ನೋಡಿದಳು. ಆಮೇಲೆ ಅವಳ ಎಂಜಲು ಕೈಯ ಮಣಿಕಟ್ಟು ಹಿಡಿದು ಬಾಗಿಲಿನಿಂದ ಈಚೆಗೆ ಎಳೆದು, ಬಿಸಿಲಿನಲ್ಲಿ ನಿಲ್ಲಿಸಿದಳು.

"ಬ್ಯಾಡ."

"ಇಷ್ಟಽ ಇದ್ಲು, ತಂಗಿ. ಖರೇ."

"ಇರಲಿ. ಬದುಕಿರೋ ಕೂಸಿನ ಅಳತಿ ಅದು. ಸತ್ತಾಕಿ ಬಟ್ಟೆಗೆ ನಾ ಒಲ್ಲೆ."